ಸಿಟ್ಟಿನ ಗೆಸ್ಟು

ಆಸ್ಪತ್ರೆಯಲ್ಲಿ ಗಾಯಕ್ಕೆ ಹೊಲಿಗೆ ಹಾಕುವ ಕೋಣೆಯ ಹೊರಗೆ ನನ್ನ ಪಕ್ಕದಲ್ಲಿ ಅಕ್ಕ ತಂಗಿ ಕೂತಿದ್ದರು. ತಂಗಿ ಒಡೆದ ತುಟಿಗೆ ಬಟ್ಟೆ ಒತ್ತಿಕೊಂಡಿದ್ದಳು. ಕೋಟಿನ ಮೇಲಿನ ‘ಪ್ರವಾಸೋದ್ಯಮ, ಹೋಟೆಲ್ ಮ್ಯಾನೇಜ್‌ಮೆಂಟ್ ವಿಭಾಗ’ ಅನ್ನುವ ಬ್ಯಾಡ್ಜಿನ ತುಂಬ ರಕ್ತ.

“ಕ್ಲಾಸಲ್ಲಿ ಆ ಹುಡುಗ ಯಾಕೇ ಹೊಡೆದ?”

“ಪ್ರಾಕ್ಟಿಕಲ್ ಕಣಕ್ಕಾ. ನಾನು ರಿಸೆಪ್ಷನಿಸ್ಟು, ಅವನು ಸಿಟ್ಟಿನ ಗೆಸ್ಟು. ರೂಮ್ ಖಾಲಿ ಇಲ್ಲ ಸರ್ ಅಂದೆ. ಕೌಂಟರ್ ಮೇಲಿದ್ದ ಹಿತ್ತಾಳೆ ಬೆಲ್ ತಗೊಂಡು ಮುಖಕ್ಕೇ ಬೀಸಿದ.”

“ನಾಟಕಕ್ಕೆ ನಿಜವಾಗ್ಲೂ ಹೊಡೀತಾರಾ?”

“ಪಾತ್ರದೊಳಗೆ ಇಳಿದುಬಿಟ್ಟೆ ಅಂದ.”

“ನಿಮ್ಮ ಮೇಷ್ಟ್ರೇನು ಕತ್ತೆ ಕಾಯ್ತಿದ್ರಾ?”

“ನಗು ಬಿಡಬೇಡ, ನಗು ಬಿಡಬೇಡ ಅಂತ ಕೂಗ್ತಿದ್ರು. ರಕ್ತ ನುಂಗ್ಕೊಂಡು, ನಗ್ತಾ, ಕ್ಷಮಿಸಿ ಸರ್ ಅಂದೆ. ಇಡೀ ಕ್ಲಾಸಿಗೆ ನಂಗೇ ಜಾಸ್ತಿ ಮಾರ್ಕ್ಸು.”

“ಬೆಂಕಿ ಬಿತ್ತು ಆ ಮಾರ್ಕ್ಸಿಗೆ. ನಾಳೆಯಿಂದ ನೀನು ಆ ಕಡೆ ತಲೆ ಹಾಕ್ಬೇಡ.”

“ನಾಳೆ ಹೋಗ್ಲೇಬೇಕಕ್ಕಾ.”

“ಇನ್ನೊಂದು ಸಲ ಒದೆ ತಿನ್ನೋಕಾ?”

“ಅಲ್ಲ. ನಾಳೆ ಪಾತ್ರ ಅದಲುಬದಲು. ಕೌಂಟರ್ ಹಿಂದೆ ಅವನು ನಿಲ್ತಾನೆ, ಗೆಸ್ಟು ನಾನು.”

ಒಳಗಿಂದ ನರ್ಸ್ ಕರೆದಳು. ಅಕ್ಕ ತಂಗಿಯ ತೋಳು ಹಿಡಿದು ಎಬ್ಬಿಸಿದಳು. ಬಾಗಿಲವರೆಗೂ ನಡೆದವಳು ಅಲ್ಲಿ ನಿಂತು, ಮೆಲ್ಲಗೆ ಕೇಳಿದಳು:

“ಆ ಬೆಲ್ ಭಾರ ಇದೆ ತಾನೇ?”