ಗೇಟಿನ ಪಕ್ಕ ನಿಲ್ಲಿಸಿದ ಗುಂಡುಕಲ್ಲು

ಹೆಸರು ಪಾರ್ವತಿಬಾಯಿ, ಗಂಡನ ಹೆಸರು ಬಂಡೆಪ್ಪ, ವಯಸ್ಸು 58 ವರ್ಷ, ಉದ್ಯೋಗ ಮನೆಯಲ್ಲೇ ರೊಟ್ಟಿ, ಶೇಂಗಾ ಚಟ್ನಿ ಮಾಡಿ ಮಾರುವುದು, ಸ್ವಂತ ಊರು ಹುಮನಾಬಾದ್. ನಿನ್ನೆಯವರೆಗೆ ವಾಸ ಹಿಮಾಯತ್‌ನಗರ, ಇವತ್ತಿನಿಂದ ನಾರಾಯಣಗೂಡ. ನನಗೆ ತೆಲುಗು ಮಾತಾಡಲು ಬರುತ್ತದೆ, ಓದಲು ಬಾರದು. ಓದಲಾರದ ಕಾಗದಕ್ಕೆ ಸಹಿ ಹಾಕುವುದಿಲ್ಲ ಎಂದಿದ್ದರಿಂದ ಕನ್ನಡ ಬಲ್ಲ ಪೇದೆ ಗುರುಶಾಂತ ಅವರು ಬರೆದುಕೊಳ್ಳುತ್ತಿದ್ದಾರೆ. ನಾನು ಹೇಳಿ ಬರೆಸುವುದೇನೆಂದರೆ,

ಕಳೆದ ದೀಪಾವಳಿ ಹೊತ್ತಿಗೆ ನನ್ನ ಗಂಡನಿಗೆ ಲಕ್ವಾ ಹೊಡೆದು ಎಡಗೈ, ಎಡಗಾಲು ಬಿದ್ದಿವೆ. ಹಳೆಯ ಮನೆ ಮೂರನೇ ಮಹಡಿ, ಲಿಫ್ಟ್ ಇಲ್ಲ. ಅಂದಿನಿಂದ ಅವರು ರಸ್ತೆ ನೋಡಿಲ್ಲ. ಅದಕ್ಕೇ ಕೆಳಗಿನ ಮನೆ ಹಿಡಿದೆವು. ಹೊಸ ಗಲ್ಲಿ ಭಾಳ ಸಣ್ಣದು, ಗುಂಡಿ ಬಿದ್ದು ಗಾಲಿಕುರ್ಚಿ ಉರುಳುವುದಿಲ್ಲ. ಟೆಂಪೊ ನಿಲ್ಲಲು ನಮ್ಮ ಗೇಟಿನ ಪಕ್ಕ ಒಂದೇ ಜಾಗ. ಅದು ಸಿಗದಿದ್ದರೆ ಅವರನ್ನು ದೊಡ್ಡ ರಸ್ತೆಯಿಂದ ಹೊತ್ತು ತರಬೇಕು. ಹೆಣ ಹೊತ್ತಂತೆ ಹೊರಬ್ಯಾಡ್ರಿ, ಕುರ್ಚಿಯಲ್ಲಿ ಕೂತು ಗೇಟಿನಿಂದ ಹೋಗುತ್ತೇನೆ ಎಂದು ಅವರು ಮೊದಲೇ ಹೇಳಿದ್ದರು. ಹಾಗೇ ಆಗಬೇಕೆಂದು ನಾನೂ ಹಟ ಹಿಡಿದೆ.

ಆ ಜಾಗದಲ್ಲಿ ದಿನಾ ಕಾರು ನಿಲ್ಲಿಸುವವರು ಎದುರುಮನೆಯ ಚಂದ್ರಹಾಸ. ಒಂದು ಮುಂಜಾನೆ ಬಿಟ್ಟುಕೊಡಿ ಎಂದು ಕೇಳಿದಾಗ, ರಸ್ತೆ ಯಾರಪ್ಪನದೂ ಅಲ್ಲ, ಮೊದಲು ಬಂದವರದು ಎಂದರು. ಆಯ್ತು ಎಂದೆ. ನಿನ್ನೆ ಸಂಜೆ ನನ್ನ ಖಾರ ರುಬ್ಬುವ ಗುಂಡುಕಲ್ಲನ್ನು ಆಟೋದಲ್ಲಿ ತಂದು, ಅವರ ಕಾರು ಹೊರಗೆ ಹೋದ ಕೂಡಲೇ ಅಲ್ಲಿ ನಿಲ್ಲಿಸಿದೆ. ಕುರ್ಚಿ ಇಟ್ಟರೆ ಹೊತ್ತೊಯ್ಯುತ್ತಾರೆ, ಕಲ್ಲು ಯಾರು ಒಯ್ಯುತ್ತಾರೆ. ನಮ್ಮ ಕಡೆ ಮನೆ ಬಿಡುವಾಗ ಒಲೆಗೆ, ರುಬ್ಬುವ ಕಲ್ಲಿಗೆ ಅರಿಷಿಣ ಕುಂಕುಮ ಹಚ್ಚದೆ ಹೊಸ್ತಿಲು ದಾಟಿಸುವುದಿಲ್ಲ. ಹಚ್ಚಿದ್ದೆ. ಅದನ್ನು ಒರೆಸದೆ ಇಟ್ಟು ಬಂದದ್ದು ನನ್ನ ಬುದ್ಧಿಗೇಡಿತನ.

ಇಂದು ಬೆಳಿಗ್ಗೆ 10 ಗಂಟೆಗೆ ಟೆಂಪೊ ಬಂದಾಗ ಕಲ್ಲಿಗೆ ಚೆಂಡುಹೂವಿನ ಹಾರ ಬಿದ್ದಿತ್ತು. ಗಲ್ಲಿಯವರು ಸುತ್ತ ಇಟ್ಟಿಗೆ ಇಟ್ಟು ಕಾಯಿ ಒಡೆದಿದ್ದರು. ಇದು ಉದ್ಭವಲಿಂಗ, ಅಲ್ಲಾಡಿಸಕೂಡದು, ಗಾಡಿ ಹಿಂದಕ್ಕೆ ಹೋಗಲಿ ಎಂದು ಚಂದ್ರಹಾಸ ಅವರೇ ಅಡ್ಡ ನಿಂತರು. ಭಕ್ತಿಯೋ, ತನಗಿಲ್ಲದ ಜಾಗ ನನಗೂ ಸಿಗಬಾರದೆಂಬ ಹಟವೋ ನನಗೆ ಗೊತ್ತಿಲ್ಲ. ಇದು ನಮ್ಮತ್ತೆ ಕಾಲದ ಕಲ್ಲು, ಮೊನ್ನೆ ಇದರಿಂದಲೇ ಬೆಳ್ಳುಳ್ಳಿ ಜಜ್ಜಿದ್ದೇನೆ, ಬೇಕಾದರೆ ಮೂಸಿ ನೋಡಿ ಎಂದೆ. ಯಾರೂ ಮೂಸಲಿಲ್ಲ.

ನನ್ನ ಗಂಡ ಟೆಂಪೊದ ಮುಂದಿನ ಸೀಟಿನಲ್ಲಿ ಬೆವೆತು ಕೂತಿದ್ದರು. ಹಿಂದಕ್ಕೆ ಹೋಗೋಣ ಎಂದು ಬಲಗೈಯಲ್ಲಿ ಸನ್ನೆ ಮಾಡಿದರು. ಸಿಟ್ಟು ಬಂದರೆ ನನಗೆ ತೆಲುಗು ಬರುವುದಿಲ್ಲ, ಕನ್ನಡದಲ್ಲೇ ಹೇಳಿದೆ:

"ದೇವರಾದ್ರ ನನ್ನ ಗಂಡಗ ದಾರಿ ಬಿಡ್ತಾನ. ಕಲ್ಲಾದ್ರ ನಾ ಎತ್ತತೀನಿ."

ಟೆಂಪೊ ಡ್ರೈವರ್ ಮಲ್ಲಣ್ಣ ಅದನ್ನೇ ತೆಲುಗಿನಲ್ಲಿ ಹೇಳಿದ. ಸ್ವಲ್ಪ ಹೊತ್ತು ಕಾದೆ, ದೇವರಿಗೂ ಅವಕಾಶ ಕೊಡಬೇಕಲ್ಲ. ಆಮೇಲೆ ಹಾರವನ್ನು ಗೇಟಿಗೆ ಹಾಕಿ ಕಲ್ಲು ಎತ್ತಿಕೊಂಡೆ. ಯಾರನ್ನೂ ನೂಕಿಲ್ಲ, ಬೈದಿಲ್ಲ. ಚಂದ್ರಹಾಸ ತಾವಾಗಿ ಸರಿದರು. ಟೆಂಪೊ ನಿಂತಿತು. ನನ್ನ ಗಂಡ ಕುರ್ಚಿಯಲ್ಲಿ ಕೂತು, ಬಲಗೈಯಿಂದ ತಾವೇ ಗೇಟು ತಳ್ಳಿ ಒಳಗೆ ಹೋದರು.

ನಾನು ಮೂರ್ತಿ ಕದ್ದಿದ್ದೇನೆ, ಇದ್ದಲ್ಲೇ ಇಡಬೇಕು ಎಂದು ಚಂದ್ರಹಾಸ ದೂರು ಕೊಟ್ಟಿದ್ದಾರೆ. ಕಲ್ಲು ನನ್ನ ಅಡುಗೆಮನೆಯಲ್ಲಿದೆ. ಕೈಮುಗಿಯುವವರು ಬಂದು ಮುಗಿಯಲಿ, ಚಪ್ಪಲಿ ಹೊರಗೆ ಬಿಡಲಿ. ಕಲ್ಲು ಮತ್ತೆ ಬೀದಿಗೆ ಬರುವುದಿಲ್ಲ, ನನ್ನ ಗಂಡ ಮತ್ತೆ ಮೂರನೇ ಮಹಡಿಗೆ ಹೋಗುವುದಿಲ್ಲ.

ಬರೆದದ್ದನ್ನು ನಾನೇ ಓದಿ ನೋಡಿದ್ದೇನೆ. ಹೇಳಿದಂತೆಯೇ ಇದೆ, ಒಂದಕ್ಷರ ಸುಳ್ಳಿಲ್ಲ ಎಂದು ಒಪ್ಪಿ ಸಹಿ ಮಾಡಿದ್ದೇನೆ.

ಸ್ಥಳ: ನಾರಾಯಣಗೂಡ, ಹೈದರಾಬಾದ್
ದಿನಾಂಕ: 14-03-2024
ಸಹಿ: ಪಾರ್ವತಿಬಾಯಿ