ಎಮ್ಮೆಲ್ಲೆ ಹೋಟ್ಲಿಗೆ ನಾನು ಹಾಕಿದ ಬೋರ್ಡು

...ನಿನ್ನಜ್ಜನನ್ನು ಎಮ್ಮೆಲ್ಲೆ ಮಾಡಿದ್ದು ಸಾಂಬಾರು ಅಂದ್ರೆ ಅಜ್ಜಿಗೆ ಮರುಳು ಅಂತ ನೀನು ನಗ್ತಿ, ನಗು ಮಗಾ, ಆದ್ರೆ ಸತ್ಯ ಅದೇ. ಮುಂಬಯಿ ಪಕ್ಕದ ವಾಗ್ಳೆ ಎಸ್ಟೇಟಲ್ಲಿ, ಆ ಫ್ಯಾಕ್ಟರಿಗಳ ನಡುವೆ, ನಮ್ಮ ಹೋಟ್ಲು ಇತ್ತಲ್ಲ, ಹತ್ತು ಟೇಬಲಿನದ್ದು, ಅಲ್ಲ ಅಲ್ಲ, ಹತ್ತು ಆಮೇಲೆ ಆದದ್ದು, ಆಗ ಆರೇ. ಉಡುಪಿಯಿಂದ ಬಂದು ಕಪ್ಪು ಬಸಿ ತೊಳೆದು ತೊಳೆದು ಅಜ್ಜ ಹಾಕಿದ ಹೋಟ್ಲು. ಮಧ್ಯಾಹ್ನ ಗುಲ್ಬರ್ಗ ಕಡೆಯ ಲೋಡಿಂಗಿನವರು ಬರ್ತಿದ್ರು. ಜೋಳದ ರೊಟ್ಟಿ ಬಟ್ಟೆಯಲ್ಲಿ ಕಟ್ಟಿಕೊಂಡು ಬಂದು ಒಂದು ಸಾಂಬಾರ್ ಮಾತ್ರ ಹೇಳುದು, ಅದ್ರಲ್ಲೇ ಮೂರು ಜನ ಅದ್ದಿ ಅದ್ದಿ ತಿನ್ನುದು. ಬೇರೆ ಹೋಟ್ಲಿನವರು ಓಡಿಸ್ತಿದ್ರು. ಅಜ್ಜ ತಾವೇ ಬಕೆಟ್ ಹಿಡ್ಕೊಂಡು ಬಂದು ಮತ್ತೆ ಬಡಿಸುದು. ನಾನು ಗೊಣಗಿದ್ರೆ, ಮುಗಿದ್ರೆ ನೀರು ಹಾಕುವ ಅಂತ ನಗ್ತಿದ್ರು. ಅಜ್ಜ ಎಲೆಕ್ಷನಿಗೆ ನಿಂತಾಗ ಆ ರೊಟ್ಟಿಯವರೇ, ಆ ಶರಣಪ್ಪ ಮತ್ತವನ ಜನ, ಮೂಟೆ ಹೊತ್ತು ಬಂದು ಸಂಜೆ ಓಟು ಕೇಳ್ತಾ ಚಾಳು ಚಾಳು ತಿರುಗಿದ್ದು. ಗೆದ್ರು. ಎಷ್ಟು ಚಂದದ ದಿನಗಳು ಗೊತ್ತುಂಟಾ.

ಗೆದ್ದ ಮೇಲೆ ಅಜ್ಜ ಹೋಟ್ಲಲ್ಲಿ ಇರುದೇ ಅಪರೂಪ, ಅಸೆಂಬ್ಲಿ ಅಂತ ಇವತ್ತು ಮುಂಬಯಿ, ನಾಳೆ ನಾಗಪುರ. ಗಲ್ಲೆಯಲ್ಲಿ, ದುಡ್ಡಿನ ಪೆಟ್ಟಿಗೆ ಮುಂದೆ, ನಾನು ಕೂತೆ. ದೊಡ್ಡ ದೊಡ್ಡವರು ಬರ್ಲಿಕ್ಕೆ ಶುರು, ಬಿಳಿ ಬಟ್ಟೆ, ಗಾಡಿ, ಎಲ್ಲ. ಅವರ ಪಕ್ಕದ ಟೇಬಲಲ್ಲೇ ಇವರ ರೊಟ್ಟಿ ಗಂಟು, ಬೆಳ್ಳುಳ್ಳಿ ಚಟ್ನಿ ವಾಸನೆ. ನಂಗೆ ನಾಚಿಕೆ ಆಯ್ತು. ಅಲ್ಪನಿಗೆ ಐಶ್ವರ್ಯ ಬಂದ್ರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ, ನಾನೇ ಅದು. ಅಜ್ಜನಿಗೆ ಹೇಳದೆ ಪೇಂಟರನ್ನು ಕರೆಸಿ ಬೋರ್ಡ್ ಬರೆಸಿದೆ, ಹೊರಗಿನ ತಿಂಡಿ ಪದಾರ್ಥ ತರಬಾರದು ಅಂತ, ಮರಾಠಿಯಲ್ಲಿ, ಕೆಳಗೆ ಕನ್ನಡದಲ್ಲೂ. ಶರಣಪ್ಪ ಓದಿದ. ಜಗಳ ಆಡ್ಲಿಲ್ಲ ಮಗಾ. ಬಿಚ್ಚಿದ ಗಂಟು ಪುನಃ ಕಟ್ಟಿ, "ಬರ್ತೀವ್ರೀ ಅಕ್ಕಾ" ಅಂತ ಎದ್ದು ಹೋದ, ಅವನ ಜನವೂ ಹಿಂದೆಯೇ. ಅಜ್ಜ ಒಮ್ಮೆ ಕೇಳಿದ್ರು, ಎಲ್ಲಿ ನಮ್ಮವರು ಅಂತ. ಭಿವಂಡಿ ಗೋಡೌನಲ್ಲಿ ಕೆಲಸ ಸಿಕ್ಕಿತಂತೆ ಅಂದುಬಿಟ್ಟೆ. ಬೋರ್ಡನ್ನು ಅಜ್ಜ ನೋಡಿದ್ದಾರೆ, ಎಲ್ಲ ಹೋಟ್ಲಲ್ಲೂ ಇರ್ತದಲ್ಲ, ಯೋಚನೆ ಮಾಡ್ಲಿಲ್ಲ.

ಫಿರ್ ಕ್ಯಾ ಹುವಾ ಅಂತ ಕೇಳ್ತಿ. ಮುಂದಿನ ಎಲೆಕ್ಷನ್ ಬಂತು. ಓಟು ಕೇಳ್ಲಿಕ್ಕೆ ಅಜ್ಜ ಕೂಲಿಯವರ ಬಸ್ತಿಗೆ ಹೋದ್ರೆ ಶರಣಪ್ಪ ಅಲ್ಲೇ ಇದ್ದಾನೆ, ಯಾವ ಭಿವಂಡಿಯೂ ಇಲ್ಲ. ಅಜ್ಜನಿಗೆ ಶುಗರ್, ಹೊತ್ತಿಗೆ ಸರಿಯಾಗಿ ತಿನ್ನಬೇಕು, ನಾನು ಡಬ್ಬಿಯಲ್ಲಿ ಚಪಾತಿ ಕೊಟ್ಟಿದ್ದೆ. ಇಲ್ಲೇ ಕೂತು ತಿನ್ಲಾ ಅಂತ ಕೇಳಿದ್ರಂತೆ. ಶರಣಪ್ಪ ಚಾಪೆ ಹಾಸಿ, ನೀರಿಟ್ಟು ಹೇಳಿದನಂತೆ:

"ಉಣ್ರೀ ಶೇಟ್. ನಮ್ ಮನ್ಯಾಗ ಬೋರ್ಡ್ ಇಲ್ರೀ."

ಡಬ್ಬಿ ಹಾಗೇ ಮನೆಗೆ ಬಂತು. ಅಜ್ಜ ಕೂಗಾಡ್ಲಿಲ್ಲ. "ಶಾರದಾ, ಬರೆಸಿದ್ದು ನೀನು, ನೋಡಿಯೂ ನೋಡದೆ ಇದ್ದದ್ದು ನಾನು" ಅಂದ್ರು, ಅಷ್ಟೆ. ಮರುದಿನವೇ ಬೋರ್ಡ್ ತೆಗೆಸಿದೆ. ಎಲೆಕ್ಷನ್ ಸೋತದ್ದು ಬಿಡು, ಅದಕ್ಕೆ ಹತ್ತು ಕಾರಣ ಹೇಳ್ತಾರೆ. ಸೋತ ಮೇಲೆ ಅಜ್ಜ ಪುನಃ ಗಲ್ಲೆಯಲ್ಲಿ ಕೂತ್ರು. ಮಧ್ಯಾಹ್ನ ಆದ್ರೆ ಬಾಗಿಲು ನೋಡುದು, ಬಕೆಟಲ್ಲಿ ಸಾಂಬಾರು ಉಳಿಯುದು. ಶರಣಪ್ಪ ಬರ್ಲೇ ಇಲ್ಲ. ನಂಗೆ ಈಗಲೂ ಅಳು ಬರ್ತದೆ. ಅದಕ್ಕೇ ಹೇಳುದು, ತಿನ್ನಲಿಕ್ಕೆ ಕೂತವರನ್ನು ಎಬ್ಬಿಸಬಾರದು ಮಗಾ. ಕುರ್ಚಿಯಾದ್ರೆ ಮತ್ತೊಮ್ಮೆ ಸಿಗಬಹುದು, ಎದ್ದು ಹೋದವರು ಸಿಗುದಿಲ್ಲ.