ಹತ್ತು ಹೆಜ್ಜೆ

ಹಾಗಲ್ಲ ಅಕ್ಕ, ಪೂರ್ತಿ ಕೇಳು. ನಾನು ಅಲ್ಲಿರಲೇ ಇಲ್ಲ ಅಂತ ಹೇಳ್ತಾ ಇದೀನಲ್ಲ. ಶನಿವಾರ ಅಂಗಡೀಲಿ ರಶ್ಶು, ತಲೆ ಎತ್ತೋಕೂ ಪುರುಸೊತ್ತಿಲ್ಲ. ಹಳೇ ಸಾಮಾನಿನ ಬಜಾರಿಗೆ ಹೋಗಿದ್ದು ನನ್ನ ಹೆಂಡ್ತಿ, ನಮ್ಮತ್ತೆ, ಮಗಳು, ಮೂರೇ ಜನ. ಸಂಜೆ ಮನೆಗೆ ಬಂದು ನೋಡ್ತೀನಿ, ಮೇಜಿನ ಮೇಲೆ ನಿನ್ನ ಕತ್ತರಿ. ತಿರುಗಿಸಿ ತಿರುಗಿಸಿ ನೋಡಿದೆ. ಅಕ್ಕನ ಕತ್ತರಿ ಇಲ್ಲಿಗೆ ಹೇಗೆ ಬಂತಪ್ಪಾ ಅಂತ.

ತಗೋ, ಇಲ್ಲಿದೆ. ಪೇಪರು ಬಿಚ್ಚು. ನಿಧಾನ, ಮೊನೆ ಇದೆ... ನೋಡಿದ್ಯಾ, ಬೆರಳು ತಾನಾಗೇ ಒಳಗೆ ಹೋಯ್ತು. ಎಡಗೈ ಕತ್ತರಿ ಎಡಚರಿಗೇ ಸೇರಬೇಕು. ದುಡ್ಡುಗಿಡ್ಡಿನ ಮಾತು ಎತ್ತಬೇಡ. ಅಷ್ಟೇ, ಬಂದ ಕೆಲಸ ಆಯ್ತು. ಹೊರಡ್ಲಾ?

ಕೆಳಗಿಟ್ಟೆ ಯಾಕೆ? ನಿನ್ನದೇ ಅಲ್ವಾ ಅದು... ಸರಿ, ಅಲ್ಲೇ ಇರ್ಲಿ. ಅಲ್ಲೇ ಇರ್ಲಿ ಬಿಡು. ಎರಡು ನಿಮಿಷ ಕೂತ್ಕೋತೀನಿ. ಇಪ್ಪತ್ತೆರಡು ಮೆಟ್ಟಿಲು, ಮಂಡಿ ಸೋತು ಹೋಯ್ತು. ಚಿಕ್ಕೋನಿದ್ದಾಗ ಒಂದೇ ಉಸಿರಿಗೆ ಹತ್ತುತಿದ್ದೆ. ಆ ಕಂಬಿ ಇನ್ನೂ ಅಲ್ಲಾಡುತ್ತಲ್ಲ. ಮಾಲೀಕ ಸರಿ ಮಾಡಿಸ್ಲೇ ಇಲ್ವಾ? ಹೊಲಿಗೆ ಮಿಷನ್ನು ಎಲ್ಲಿ? ...ಓ. ಅದೂ ಹೋಯ್ತಾ.

ಇದೇನು, ಗುಂಡಿನಾ? ಹಳೇ ಶರ್ಟಿಂದ ಬಿಚ್ಚಿದ್ದು. ನೋಡದೆ, ಬೆರಳಲ್ಲೇ ಮುಟ್ಟಿ ಮುಟ್ಟಿ ಬೇರೆ ಬೇರೆ ಡಬ್ಬಿಗೆ ಹಾಕ್ತಾ ಇದೀಯ. ಕಣ್ಣು ಅಷ್ಟು ಮಂಜಾಗಿದೆಯಾ ಅಕ್ಕ? ಈಗ ಒಂದು ಹತ್ತಡಿ ದೂರದಲ್ಲಿ ಒಬ್ಬ ಮನುಷ್ಯ ನಿಂತಿದ್ರೆ, ಯಾರು ಅಂತ ಗೊತ್ತಾಗುತ್ತಾ? ...ಸುಮ್ನೆ ಕೇಳ್ದೆ. ಒಡಹುಟ್ಟಿದೋನು ಆರೋಗ್ಯ ವಿಚಾರಿಸಬಾರದಾ? ಯಾಕೆ ನಗ್ತೀಯ?

ನಗು ಬಿಡು. ನಮ್ಮನೆ ಶನಿವಾರದ ಕತೆ ಕೇಳಿದ್ರೆ ಇನ್ನೂ ನಗ್ತೀಯ. ಬೆಳಿಗ್ಗೆ ತಿಂಡಿ ಆಯ್ತು ಅಂದ್ರೆ ಬಜಾರಿಗೆ ಹೊರಟ್ವಿ ಅಂತ ಲೆಕ್ಕ. ಏನು ಬೇಕು ಅಂತ ಯಾರಿಗೂ ಗೊತ್ತಿಲ್ಲ, ಸಿಕ್ಕಿದ್ದೇ ಬೇಕಾಗಿದ್ದು. ಆರಾಮಾಗಿ ಒಂದೊಂದು ಸಾಲು ಸುತ್ತೋದು, ಮುಟ್ಟೋದು, ಇಡೋದು. ಮುಳ್ಳಿಲ್ಲದ ಗಡಿಯಾರ ಒಂದು ತಂದಿದೀವಿ. ಬೀಗದ ಕೈ ಇಲ್ಲದ ಪೆಟ್ಟಿಗೆ ಒಂದು. ಒಳಗೇನಿದೆಯೋ ಅಂತ ಆರು ತಿಂಗಳಿಂದ ಅಲ್ಲಾಡಿಸಿ ನೋಡ್ತಾ ಇದೀವಿ. ಅತ್ತೆ ಚಿನ್ನ ಅಂತಾರೆ, ಮಗಳು ಮೊಳೆ ಅಂತಾಳೆ.

ಚೌಕಾಸಿಗೆ ನಮ್ಮದೇ ಒಂದು ಪದ್ಧತಿ ಇದೆ. ನಾಟಕದ ಥರ, ಒಬ್ಬೊಬ್ಬರಿಗೆ ಒಂದೊಂದು ಪಾರ್ಟು. ಹೆಂಡ್ತಿ ಸಾಮಾನು ಎತ್ತಿ ಆಸೆಯಿಂದ ನೋಡೋದು. ಅತ್ತೆ ‘ಮನೇಲಿರೋ ಕಸ ಸಾಲ್ದಾ’ ಅಂತ ಗೊಣಗೋದು. ಮಗಳದು ಕುಂದು ಹುಡುಕೋ ಕೆಲಸ. ಹನ್ನೆರಡು ವರ್ಷಕ್ಕೇ ಏನು ನಾಲಗೆ ಅಂತೀಯ, ಹೊಚ್ಚ ಹೊಸ ಸಾಮಾನು ಕೊಟ್ರೂ ಹತ್ತು ತಪ್ಪು ತೆಗೀತಾಳೆ. ಕೊನೇ ಪಾರ್ಟು ನಂದು. ‘ಬೇಡ, ಬನ್ನಿ ಹೋಗೋಣ’ ಅಂತ ಬೆನ್ನು ತಿರುಗಿಸಿ ಹತ್ತು ಹೆಜ್ಜೆ ನಡೆಯೋದು. ತಿರುಗಿ ನೋಡೋ ಹಾಗಿಲ್ಲ. ಏಳಕ್ಕೋ ಎಂಟಕ್ಕೋ ಮಾರೋನು ಕೂಗ್ತಾನೆ, ‘ಬನ್ನಿ ಸಾರ್, ನಿಮ್ಮ ರೇಟೇ ಆಗ್ಲಿ’ ಅಂತ. ‘ಅಪ್ಪನ ಹತ್ತು ಹೆಜ್ಜೆ’ ಅಂತ ಮನೇಲಿ ಅದಕ್ಕೆ ಹೆಸರೇ ಬಿದ್ದಿದೆ.

ಹೌದು, ನನ್ನ ಪಾರ್ಟು. ಪ್ರತಿ ಶನಿವಾರ. ...ಇಲ್ಲ, ಮೊನ್ನೆ ಒಂದು ಶನಿವಾರ ಮಾತ್ರ ಹೋಗ್ಲಿಲ್ಲ. ಅಂಗಡೀಲಿ ರಶ್ಶು ಅಂತ ಹೇಳಿದ್ನಲ್ಲ.

ಮೊನ್ನೆ ಏನಾಯ್ತಂತೆ ಅಂದ್ರೆ, ಕೊನೇ ಸಾಲಿನಲ್ಲಿ, ಗೋಡೆ ಪಕ್ಕ, ಒಂದು ನೀಲಿ ಪ್ಲಾಸ್ಟಿಕ್ ಹಾಳೆ ಹಾಸಿಕೊಂಡು ನೀನು ಕೂತಿದ್ಯಂತೆ. ಅವರಿಗೇನು ಗೊತ್ತು ನೀನು ಯಾರು ಅಂತ. ಮಗಳು ಕತ್ತರಿ ಎತ್ಕೊಂಡ್ಳು. ನೀನು ಪರೀಕ್ಷೆಗೆ ಅಂತ ಒಂದು ಬಟ್ಟೆ ಚೂರು ಕೊಟ್ಟೆ. ಅವಳು ಬಲಗೈಲಿ ಹಿಡಿದು ಕತ್ತರಿಸೋಕೆ ಹೋದ್ರೆ ಅದೆಲ್ಲಿ ಕತ್ತರಿಸುತ್ತೆ, ಬಟ್ಟೆ ಮಡಚಿಕೊಂಡು ಅಲಗಿನ ಮಧ್ಯೆ ಸಿಕ್ಕಾಕ್ಕೊಳ್ತು. ‘ಇದು ಕತ್ತರಿಸಲ್ಲ ಅಜ್ಜಿ, ಬೊಚ್ಚುಬಾಯಲ್ಲಿ ಅಗಿದಂಗೆ ಅಗಿಯುತ್ತೆ’ ಅಂದ್ಳು. ನಮ್ಮತ್ತೆ ಜೋರಾಗಿ ನಕ್ಕರು. ಆಗ ನಿನ್ನ ತಲೆ ಮೇಲಿದ್ದ ಟವೆಲ್ಲು ಜಾರ್ತು. ನಿನ್ನ ಕೂದಲು ಒಂದೂ ಬಿಡದ ಹಾಗೆ ಬೆಳ್ಳಗಾಗಿದೆ ಅಂತ ನನಗೆ ಆಗಲೇ...

ಯಾಕೆ ಹಾಗೆ ನೋಡ್ತೀಯ? ಮಗಳು ಹೇಳಿದ್ದು. ಎಲ್ಲಾ ಅವಳು ಹೇಳಿದ್ದು. ಟವೆಲ್ಲಿನ ವಿಚಾರಾನೂ... ಮಕ್ಕಳು ಎಲ್ಲಾ ನೋಡ್ತಾರೆ ಅಕ್ಕ.

ಏನಾದ್ರೂ ಮಾತಾಡು. ಆ ಗುಂಡಿ ಡಬ್ಬಿ ಪಕ್ಕಕ್ಕಿಟ್ಟು ಒಂದು ಮಾತಾಡು. ‘ಸುಳ್ಳು ಹೇಳ್ತಾ ಇದೀಯ’ ಅಂತ ನೀನೇನಾದ್ರೂ ಅಂದ್ಯಾ? ಇಲ್ಲ. ನಾನೇ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡ್ಕೊಳ್ತಾ ಇದೀನಿ.

ಸರಿ. ಹೋಗಿದ್ದೆ. ನಾನೂ ಹೋಗಿದ್ದೆ. ಆದ್ರೆ ಆ ಸಾಲಿನಲ್ಲಿ ಇರಲಿಲ್ಲ. ಆಚೆ ಕಡೆ ಕುರ್ಚಿ ನೋಡ್ತಾ ಇದ್ದೆ. ದೂರ, ಬಿಸಿಲು ಬೇರೆ, ಯಾರು ಎತ್ತ ಅಂತ...

ಕುರ್ಚಿ ಎಂಥದು. ಕುರ್ಚೀನೂ ಇಲ್ಲ, ಗಿರ್ಚೀನೂ ಇಲ್ಲ. ಮಗಳ ಬೆನ್ನ ಹಿಂದೇನೇ ನಿಂತಿದ್ದೆ ಅಕ್ಕ. ಅವಳು ಕತ್ತರಿ ಎತ್ತಿದಾಗ ಮೊದಲು ಕಂಡಿದ್ದು ಹಿಡಿಗೆ ಸುತ್ತಿದ ಕೆಂಪು ದಾರ. ನಾನೇ ಸುತ್ತಿದ್ದು. ಹದಿಮೂರು ವರ್ಷದ ಹುಡುಗನ ಹೆಬ್ಬೆರಳಿಗೆ ಆ ಹಿಡಿ ದೊಡ್ಡದಾಗ್ತಿತ್ತು. ಎಡಗೈಲಿ ಕೆಲಸ ಮಾಡಬಾರದು ಅಂತ ಎಲ್ಲರೂ ನನ್ನ ಗೆಣ್ಣಿಗೆ ಹೊಡೀತಿದ್ರೆ, ನೀನು ಊರೆಲ್ಲ ಹುಡುಕಿ ನಿನಗೆ ಅಂತ ತಂದ್ಕೊಂಡ ಕತ್ತರೀನ ನನ್ನ ಕೈಗೆ ಕೊಟ್ಟೆ. ನೀನು ವಾಪಸ್ಸು ಬಲಗೈ ಕತ್ತರೀನ ಎಡಗೈಲಿ ಹಿಡ್ಕೊಂಡು ಕತ್ತರಿಸ್ತಿದ್ದೆ. ಹೆಬ್ಬೆರಳು ಬೊಬ್ಬೆ ಬಂದು, ಒಡೆದು, ಬಟ್ಟೆಗೆ ರಕ್ತ ತಾಗುತ್ತೆ ಅಂತ ಚಿಂದಿ ಸುತ್ಕೊಳ್ತಿದ್ದೆ. ಅಮ್ಮ ಹೋದ ಮೇಲೆ ನನ್ನ ಸಾಕಿದ ಕೈ ಅದು. ಆ ಕೈ ಪ್ಲಾಸ್ಟಿಕ್ ಹಾಳೆ ಮೇಲೆ ಇತ್ತು, ಮುಖ ನೋಡೋಕೆ ಮುಂಚೆ ಕೈ ನೋಡಿ ಗೊತ್ತಾಯ್ತು.

ಏನು ಮಾಡಿದೆ ಅಂತ ನಿನಗೆ ಗೊತ್ತು. ಆದ್ರೂ ನನ್ನ ಬಾಯಿಂದಾನೇ ಬರಬೇಕು ಅಂತ ಕಾಯ್ತಾ ಇದೀಯ. ಪಕ್ಕದಲ್ಲಿ ಅತ್ತೆ ನಿಂತಿದ್ರು. ನನ್ನ ಮದುವೇಲಿ ನೀನು ಹಿಂದಿನ ಸಾಲಿನಲ್ಲಿ ಕೂತಿದ್ದೆ, ‘ಅವರು ಯಾರು’ ಅಂತ ಇದೇ ಅತ್ತೆ ಕೇಳಿದಾಗ ‘ನಮಗೆ ಬೇಕಾದವರು’ ಅಂತ ಹೇಳಿ ಮಾತು ಹಾರಿಸಿದ್ದೆ. ದೊಡ್ಡ ಮನೆಯವರು, ಬಟ್ಟೆ ಅಂಗಡಿ ಹಾಕಿಕೊಡೋರು. ಒಂದೇ ಕೋಣೇಲಿ ಹೊಲಿದು ಸಾಕಿದ ಅಕ್ಕ ಅಂತ ಹೇಳೋಕೆ ನಾಲಗೆ ಏಳಲಿಲ್ಲ. ಇವತ್ತು ಹೇಳ್ತೀನಿ, ನಾಳೆ ಹೇಳ್ತೀನಿ ಅಂತ ಹದಿಮೂರು ವರ್ಷ. ಅದೇ ಊರು, ಮೂರು ಬಸ್ ಸ್ಟಾಪು ದೂರ. ಹತ್ತಿದ ಏಣಿ ಒದೆಯೋರು ಅಂತಾರಲ್ಲ, ನಾನು ಒದೀಲಿಲ್ಲ ಅಂತ ನನಗೆ ನಾನೇ ಸಮಾಧಾನ ಹೇಳ್ಕೊಳ್ತಿದ್ದೆ. ಒದ್ದಿರಲಿಲ್ಲ, ಏಣಿ ಇರೋದೇ ಮರೆತಿದ್ದೆ. ಎರಡರಲ್ಲಿ ಯಾವುದು ವಾಸಿ ನೀನೇ ಹೇಳು.

ಅವತ್ತು ‘ಅಕ್ಕಾ’ ಅಂದುಬಿಡಬೇಕು ಅಂತ ಬಾಯಿ ತೆರೆದೆ. ನಿಜವಾಗ್ಲೂ ತೆರೆದೆ. ಅಷ್ಟರಲ್ಲಿ ಎಲ್ಲರೂ ನನ್ನ ಕಡೆ ತಿರುಗಿದ್ರು. ನನ್ನ ಪಾರ್ಟು ಬಂದಿತ್ತು ಅಕ್ಕ. ಮಗಳು ಕಣ್ಣು ಮಿಟುಕಿಸಿದ್ಳು. ‘ತುಕ್ಕು ಹಿಡಿದ ಕಬ್ಬಿಣ, ಬೇಡ ಬನ್ನಿ’ ಅಂದೆ. ದನಿ ಬದಲಾಯಿಸಿ, ಮೆಲ್ಲಗೆ ಅಂದೆ, ನಿನಗೆ ಗುರುತು ಸಿಗಬಾರದು ಅಂತ. ಬೆನ್ನು ತಿರುಗಿಸಿ ನಡೆದೆ. ಎಷ್ಟು ಸುಲಭ ಆಯ್ತು ಗೊತ್ತಾ? ಎಷ್ಟೋ ವರ್ಷದಿಂದ ಅಭ್ಯಾಸ ಮಾಡಿದ್ದ ಹೆಜ್ಜೆ. ಒಂದು, ಎರಡು, ಮೂರು... ನೀನು ಕೂಗಲಿಲ್ಲ. ಹತ್ತು ಆಯ್ತು. ನಾನು ನಿಲ್ಲಲೂ ಇಲ್ಲ. ಸ್ಕೂಟರ್ ನಿಲ್ಲಿಸಿದ್ದ ಜಾಗದ ತನಕ ನಡೆದುಬಿಟ್ಟೆ.

ಸ್ವಲ್ಪ ಹೊತ್ತಿಗೆ ಮಗಳು ಕುಣೀತಾ ಬಂದ್ಳು. ಹೇಳಿದ್ದರಲ್ಲಿ ಕಾಲು ಭಾಗಕ್ಕೆ ಕೊಟ್ಟುಬಿಟ್ರು, ನಾನೇ ಗೆದ್ದೆ ಅಂತ. ದಾರಿಯುದ್ದಕ್ಕೂ ಅದೇ ಮಾತು. ಅತ್ತೆ ಅವಳ ಕೆನ್ನೆ ಹಿಂಡಿ ‘ವ್ಯಾಪಾರದ ಬುದ್ಧಿ ನಮ್ಮ ಮನೆತನದ್ದು’ ಅಂದ್ರು. ನಾನೂ ನಕ್ಕೆ. ನಿನಗೆ ಗೊತ್ತಾಗಲಿಲ್ಲ, ಗುರುತು ಹಿಡೀಲಿಲ್ಲ, ಬಚಾವಾದೆ ಅಂತ ಒಳಗೊಳಗೇ... ಹೌದು, ಸಂತೋಷ ಆಯ್ತು ಅಕ್ಕ. ಉಗಿ ಬೇಕಾದ್ರೆ. ಸಂತೋಷಾನೇ ಆಯ್ತು.

ರಾತ್ರಿ ಊಟಕ್ಕೆ ಕೂತಾಗ ಮಗಳು ಕೇಳಿದ್ಳು. ‘ಅಪ್ಪ, ಆ ಅಜ್ಜಿ ವಿಚಿತ್ರ. ನೀನು ಹೋದ ಮೇಲೆ ನನ್ನ ಮುಖಾನ ಹತ್ತಿರ ಎಳ್ಕೊಂಡು ನೋಡಿದ್ರು. ಕತ್ತರೀನ ಪೇಪರಲ್ಲಿ ಸುತ್ತಿಕೊಟ್ಟು, ತಗೊಂಡು ಹೋಗು ಕೂಸೆ, ನಿಮ್ಮಪ್ಪನ ಕೈಲಿ ಚೆನ್ನಾಗಿ ಕತ್ತರಿಸುತ್ತೆ ಅಂದ್ರು. ನೀನು ಎಡಚ ಅಂತ ಅವರಿಗೆ ಹೇಗೆ ಗೊತ್ತು?’

ಕೈಲಿದ್ದ ತುತ್ತು ಕೈಲೇ ಉಳೀತು. ಅವಳು ಗೆದ್ದಿದ್ದಲ್ಲ. ನೀನು ಸೋದರ ಸೊಸೆಗೆ ಉಡುಗೊರೆ ಕೊಟ್ಟಿದ್ದು. ಪುಕ್ಕಟೆ ಕೊಟ್ರೆ ಯಾಕೆ ಏನು ಅಂತ ನನ್ನನ್ನ ಕೇಳ್ತಾರೆ, ನನಗೆ ಮುಜುಗರ ಆಗುತ್ತೆ ಅಂತ ಅಷ್ಟಾದ್ರೂ ಇಸ್ಕೊಂಡಿದೀಯ. ಅಲ್ವಾ? ಮಿಷನ್ನು ಮಾರಿ, ಕತ್ತರಿ ಮಾರೋಕೆ ಬಿಸಿಲಲ್ಲಿ ಕೂತೋಳು, ಆಗಲೂ ನನ್ನ ಮಾನ ಕಾಯ್ತಾ ಕೂತಿದ್ದೆ.

ಅದಕ್ಕೇ ಬಂದೆ. ಎರಡು ದಿನ ನಿದ್ದೆ ಇಲ್ಲ. ಎಲ್ಲಾ ಹೇಳಿಬಿಟ್ಟೆ ಅಕ್ಕ, ಇನ್ನೇನೂ ಮುಚ್ಚಿಟ್ಟಿಲ್ಲ. ಇನ್ನು ಮೇಲೆ ಬರ್ತಾ ಇರ್ತೀನಿ. ಕಣ್ಣಿನ ಡಾಕ್ಟ್ರ ಹತ್ರ ನಾನೇ ಕರ್ಕೊಂಡು ಹೋಗ್ತೀನಿ...

ಏನು? ಕಿಟಕಿ ಕಡೆ ಯಾಕೆ ಹೋದೆ? ಅದು ಯಾವುದೋ ಸ್ಕೂಟರ್ ಹಾರನ್ನು. ಯಾರೋ ಮಕ್ಕಳು ಆಟ ಆಡ್ತಾ ಇರ್ತಾರೆ. ಬಾ, ಕೂತ್ಕೊ. ನಾನು ಒಬ್ಬನೇ ಬಂದಿದ್ದು.

...ಒಬ್ಬನೇ ಅಲ್ಲ.

ಕೆಳಗೆ ಮಗಳಿದಾಳೆ. ಶಾಲೆ ಬಿಟ್ಟಿತ್ತು, ನಾನೂ ಬರ್ತೀನಿ ಅಂತ ಹಿಂದೆ ಹತ್ತಿ ಕೂತ್ಳು. ಬೇಡ ಅನ್ನೋಕೆ ಆಗ್ಲಿಲ್ಲ. ಆದ್ರೆ ಅವಳಿಗೆ... ಗಿರಾಕಿ ಮನೆ ಅಂತ ಹೇಳಿದೀನಿ ಅಕ್ಕ. ಒಂದು ಸಾಮಾನು ಕೊಟ್ಟು ಬರ್ತೀನಿ, ಇಲ್ಲೇ ಇರು ಅಂತ. ಇವತ್ತೂ. ನಿನ್ನ ಮನೆ ಬಾಗಿಲಿಗೆ ಬಂದೂ ಅದನ್ನೇ ಮಾಡಿದೀನಿ.

ಹತ್ತಿ ಬರ್ತಾ ಇದಾಳೆ. ನೀನು ಏನು ಮಾಡ್ತಾ ಇದೀಯ? ಕತ್ತರೀನ ಬಟ್ಟೆ ಕೆಳಗೆ ಯಾಕೆ ಮುಚ್ಚಿಡ್ತೀಯ? ಕನ್ನಡಕ ತೆಗೆದು, ಮುಖ ಗೋಡೆ ಕಡೆ ಮಾಡಿ... ಗಿರಾಕಿ ಆಗೋಕಾ? ನಾನು ಹೇಳಿದ ಸುಳ್ಳಿಗೆ ತಕ್ಕ ಹಾಗೆ? ಬೇಡ ಅಕ್ಕ. ಇಷ್ಟು ಮಾಡಬೇಡ. ಈ ಕಡೆ ತಿರುಗು. ನೀನೇ ಹೇಳಿಬಿಡು ಅವಳಿಗೆ, ನಾನು ಇಂಥವಳು ಅಂತ. ನಿನ್ನ ಬಾಯಲ್ಲಿ ಬಂದ್ರೆ ಚೆನ್ನಾಗಿರುತ್ತೆ... ಹೇಳಲ್ವಾ?

ಬಾ ಪುಟ್ಟಿ. ಹ್ಞೂ, ಇದೇ ಮನೆ. ಇಲ್ಲ... ಗಿರಾಕಿ ಅಲ್ಲ. ಹೌದಮ್ಮ, ಅದೇ ಅಜ್ಜಿ. ಅಜ್ಜಿ ಅಲ್ಲ. ಇಲ್ಲಿ ಬಾ, ಹತ್ತಿರ ಬಾ. ಇವಳು ನನ್ನಕ್ಕ. ನನ್ನ ಸ್ವಂತ ಅಕ್ಕ. ನಿನ್ನ ಸೋದರತ್ತೆ.

ಇಲ್ಲ, ತಮಾಷೆ ಅಲ್ಲ.

ಶನಿವಾರಾನಾ? ...ಹೌದು ಮಗಳೇ. ಗೊತ್ತಿತ್ತು. ನೋಡಿದ ಕೂಡ್ಲೇ ಗೊತ್ತಿತ್ತು.